ಬಾಕಿ ಬಟ್ಟೆಯ ಮೂರು ಸಾಲು

ಆಗಸ್ಟ್ 4, ಸೋಮವಾರ

ರೈಲು ಮತ್ತೆ ಲೇಟ್. ಪೀಳಮೇಡು ಸ್ಟೇಷನ್‌ನಲ್ಲಿ ನಿಂತೂ ನಿಂತೂ ಕಾಲು ಸೋತುಹೋಯ್ತು. ತಿರುಪ್ಪೂರ್ ಆಫೀಸು ಸೇರೋ ಹೊತ್ತಿಗೆ ತಿರುಮೂರ್ತಿ ಅಣ್ಣ ಆಗಲೇ ನನ್ನ ಕುರ್ಚಿ ಪಕ್ಕದಲ್ಲಿ ಹಾಜರು. ಪ್ಯಾಕಿಂಗ್ ಮಾಸ್ಟರು. "ಮೇಡಂ, ಕಾರ್ಟನ್ ಲಿಸ್ಟ್?"

ರನ್ ಒತ್ತಿದೆ. ಯಾವ ಬಂಡಲ್ ಯಾವ ಕಾರ್ಟನ್‌ಗೆ ಹೋಗಬೇಕು ಅಂತ ಹೇಳೋ ಪ್ರೋಗ್ರಾಂ. ನಾನು ಸೇರಿದ ಹೊಸದರಲ್ಲಿ ಬರೆದದ್ದು. ಆಗ ಕಂಪನಿಗೆ ಎರಡೇ ಶೆಡ್ಡು. ಈಗ ಬನಿಯನ್ನು, ಟೀ ಶರ್ಟು, ನೈಟ್ ಡ್ರೆಸ್ಸು ಅಂತ ಸಾಲುಸಾಲು ಶೆಡ್ಡು, ಪ್ರೋಗ್ರಾಂ ಮಾತ್ರ ಅದೇ. ದೊಡ್ಡ ಆರ್ಡರ್ ಅಂದ್ರೆ ಊಟಕ್ಕೆ ಮುಂಚೆ ಶುರುವಾಗಿ ಊಟ ಆದಮೇಲೂ ಓಡುತ್ತೆ. ಅಲ್ಲಿವರೆಗೂ ಎಲ್ಲರೂ ಕಾಯಬೇಕು. ತಿರುಮೂರ್ತಿ ಅಣ್ಣ ಟೀ ತರಿಸ್ತಾರೆ, ಜೊತೆಗೆ ಬೇಕರಿ ತೇಂಗಾಯ್ ಬನ್ನು. ಪ್ರಭಾಕರನ್ ಸಾರ್, ಕಂಪನಿ ಯಜಮಾನರು, ಅವರೇ ಕ್ಯಾಬಿನ್ ಬಿಟ್ಟು ಬಂದು ಕೇಳ್ತಾರೆ — "ಎನ್ನಮ್ಮಾ ಶುಭಾ, ಮುಗೀತಾ?" "ಓಡ್ತಾ ಇದೆ ಸಾರ್" ಅಂತೀನಿ.

ಇಲ್ಲಿ ಬರೆಯೋಕೆ ಏನು ನಾಚಿಕೆ. ಆ ಕಾಯೋದು ನನಗಿಷ್ಟ. ಮನೇಲಿ ನನಗೋಸ್ಕರ ಕಾಯೋದು ಕುಕ್ಕರ್ ಒಂದೇ.

ಇವತ್ತು ಒಬ್ಬಳು ಹೊಸ ಹುಡುಗಿ ಸೇರಿದಳು. ಕೃತ್ತಿಕಾ. ನನ್ನ ಪಕ್ಕದ ಟೇಬಲ್. ನಾನು ಫೋನಿನಲ್ಲಿ ಅತ್ತೆ ಹತ್ರ ಮಾತಾಡೋದು ಕೇಳಿ ಕಣ್ಣರಳಿಸಿದಳು. "ಅಕ್ಕಾ, ನೀವೂ ಕನ್ನಡಾನಾ!" ಕಿಣತ್ತುಕಡವು ಹತ್ರ ಊರು. ನೇಯ್ಗೆಯವರು. ಅಪ್ಪ ಸೆಲ್ಲಪ್ಪನ್ ಇನ್ನೂ ಮಗ್ಗದಲ್ಲಿ ಕೂರ್ತಾರಂತೆ. ಅವಳ ಕನ್ನಡ ತಮಿಳಿನ ರಾಗದಲ್ಲಿ ಎದ್ದು ಬಿದ್ದು ಓಡುತ್ತೆ. ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ ಅಂದಳು. ಒಳ್ಳೇ ಹುಡುಗಿ ಅನ್ಸಿತು.

ಆಗಸ್ಟ್ 6, ಬುಧ

ಒಳ್ಳೇ ಹುಡುಗಿಯಂತೆ!

ಲಾಟ್ ರಿಪೋರ್ಟ್ ಓಡ್ತಿತ್ತು. ಬಣ್ಣ ಹಾಕಿದ ಬಟ್ಟೆಯ ಒಂದು ಲಾಟ್ ಎಲ್ಲೆಲ್ಲಿದೆ ಅಂತ ಹುಡುಕೋದು. ತಿರುಮೂರ್ತಿ ಅಣ್ಣ ಟೀ ಹೀರ್ತಾ ನಿಂತಿದ್ರು. ಇವಳು ಬಗ್ಗಿ ನನ್ನ ಸ್ಕ್ರೀನ್ ನೋಡಿ, ಎಲ್ಲರಿಗೂ ಕೇಳೋ ಹಾಗೆ — "ಅಕ್ಕಾ, ಒಂದು ಲಾಟ್ ಹುಡುಕೋಕೆ ಡೇಟಾ ಟೇಬಲ್ ಪೂರಾ ಮೊದಲಿಂದ ಕಡೇವರೆಗೂ ಓದ್ತಿದೆ. ಲಾಟ್ ನಂಬರ್ ಮೇಲೆ ಇಂಡೆಕ್ಸೇ ಇಲ್ವಲ್ಲಾ?"

ಇಲ್ವಲ್ಲಾ ಅಂದ ರೀತಿ! ಮದುವೆ ಮನೇಲಿ ಉಪ್ಪಿಲ್ವಲ್ಲಾ ಅಂದ ಹಾಗೆ.

"ಹಾಕ್ಲಾ ಅಕ್ಕಾ?" ಹಾಕು ಅಂದೆ. ಇನ್ನೇನು ಅನ್ನಲಿ, ಅಣ್ಣ ಪಕ್ಕದಲ್ಲೇ ಇದ್ದಾರೆ. ಒಂದೇ ಸಾಲು ಟೈಪ್ ಮಾಡಿದಳು. ರಿಪೋರ್ಟ್ ಮತ್ತೆ ಓಡಿಸಿದಳು. ಅಣ್ಣನ ಟೀ ಇನ್ನೂ ಆರಿರಲಿಲ್ಲ, ರಿಪೋರ್ಟ್ ಬಂತು. "ಅಡೇಂಗಪ್ಪಾ!" ಅಂದ್ರು. ನನ್ನ ಯಾವ ಕೆಲಸಕ್ಕೂ ಆ ಮನುಷ್ಯ ಅಡೇಂಗಪ್ಪಾ ಅಂದಿಲ್ಲ.

ಗೊತ್ತಿರಲಿಲ್ಲ ಅಂತಲ್ಲ. ಟೇಬಲ್ ಚಿಕ್ಕದಿದ್ದಾಗ ಬೇಕಿರಲಿಲ್ಲ. ಆಮೇಲೆ ಅದು ದಿನಾ ಒಂದಿಷ್ಟು ಬೆಳೆದದ್ದು ಕಣ್ಣಿಗೆ ಕಾಣಲಿಲ್ಲ. ನಮ್ಮ ಮನೆ ಮಕ್ಕಳು ಬೆಳೆದದ್ದು ನೆಂಟರಿಗೇ ಮೊದಲು ಕಾಣೋದು.

ಸಂಜೆ ಅತ್ತೆಗೆ ಹೇಳಿದೆ. ಇಂಡೆಕ್ಸ್ ಅಂದ್ರೆ ಏನು ಅಂದ್ರು. ಅಡಿಗೆಮನೇಲಿ ಡಬ್ಬ ಎಲ್ಲಾ ಒಂದೇ ಥರ ಇದ್ರೆ ಮೆಂತ್ಯಕ್ಕೆ ಒಂದೊಂದೇ ಮುಚ್ಚಳ ತೆಗೀಬೇಕು, ಮೇಲೆ ಹೆಸರು ಅಂಟಿಸಿದ್ರೆ ನೇರ ಕೈ ಹಾಕಬಹುದು, ಅಷ್ಟೇ ಅಂದೆ. ಅತ್ತೆ ಕಮಲಾಕ್ಷಮ್ಮ, ನನಗೆ ಕನ್ನಡ ಅಕ್ಷರ ಕಲಿಸಿದ ಗುರು, ಕನ್ನಡಕ ಏರಿಸಿ ಅಂದ್ರು — "ಹೌದಾ? ಇಷ್ಟು ದಿವಸ ನೀನ್ಯಾಕೆ ಅಂಟಿಸಿರಲಿಲ್ಲ?"

ಆಗಸ್ಟ್ 7

ಆಫೀಸ್ ಗ್ರೂಪಿನಲ್ಲಿ ಸಾರ್ ಅವಳಿಗೆ ಚಪ್ಪಾಳೆ ಹಾಕಿದ್ದಾರೆ. ಒಂದಲ್ಲ, ಒಂದು ಸಾಲು ಚಪ್ಪಾಳೆ. ನನಗೆ ಇಷ್ಟು ವರ್ಷದಲ್ಲಿ ಒಂದು ಹೆಬ್ಬೆಟ್ಟೂ ಬಿದ್ದಿಲ್ಲ. ಹೊಟ್ಟೆ ಉರೀತಿದೆ. ಉರೀಲಿ.

ಆಗಸ್ಟ್ 13, ಬುಧ

ಇವತ್ತು ಹಬ್ಬ! ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇಂಡೆಕ್ಸ್ ರುಚಿ ಹತ್ತಿ ಮಹಾರಾಯ್ತಿ ಸಿಕ್ಕಸಿಕ್ಕ ಕಾಲಮ್‌ಗೆಲ್ಲಾ ಒಂದೊಂದು ಹಾಕಿಬಿಟ್ಟಿದ್ದಾಳೆ. ಬೆಳಿಗ್ಗೆಯಿಂದ ಹೊಲಿಗೆ ಶೆಡ್ಡಿನಿಂದ ಫೋನೋ ಫೋನು. ಬಂಡಲ್ ಸ್ಟಿಕ್ಕರ್ ಸ್ಕ್ಯಾನ್ ಮಾಡಿದ್ರೆ ಬೀಪ್ ಬರೋದೇ ಇಲ್ಲ, ಹೆಣ್ಮಕ್ಕಳು ಬಂಡಲ್ ಹಿಡ್ಕೊಂಡು ಕ್ಯೂನಲ್ಲಿ ನಿಂತಿದ್ದಾರೆ ಅಂತ. ಎಲ್ಲಿಂದ ಬರುತ್ತೆ? ಒಂದು ಬಂಡಲ್ ಒಳಗೆ ಬಂದ್ರೆ ಅಷ್ಟೂ ಇಂಡೆಕ್ಸ್‌ನಲ್ಲೂ ಅದರ ಜಾಗ ಹುಡುಕಿ ಬರೀಬೇಕಲ್ಲ. ಓದೋದು ಸುಲಭ ಆದಷ್ಟೂ ಬರೆಯೋದು ಭಾರ. ಇದು ನನಗೆ ಅವಳಿಗಿಂತ ಮುಂಚೆ ಗೊತ್ತು. ಹೇಳಲಿಲ್ಲ. ಕುರ್ಚೀಲಿ ಒರಗಿ ಕಾಫಿ ಕುಡಿದೆ. ಕಾಫಿ ಎಷ್ಟು ಚೆನ್ನಾಗಿತ್ತು.

ಮಧ್ಯಾಹ್ನ

ಸಂಭ್ರಮ ಮುಗೀತು. ಅವಳೇ ಶೆಡ್ಡಿಗೆ ಓಡಿಹೋಗಿ ನೋಡಿ ಬಂದು, ಯಾವ ಇಂಡೆಕ್ಸ್ ಯಾರೂ ಉಪಯೋಗಿಸ್ತಿಲ್ಲ ಅಂತ ಹುಡುಕಿ ಹೆಚ್ಚಿನದೆಲ್ಲಾ ಕಿತ್ತುಹಾಕಿದಳು. ಲಾಟ್ ನಂಬರಿನದು ಉಳಿಸ್ಕೊಂಡಳು. ಬೀಪ್ ವಾಪಸ್ ಬಂತು. ಆಮೇಲೆ ಸಾರ್ ಎದುರು ನಿಂತು, "ತಪ್ಪು ನನ್ನದೇ ಸಾರ್, ಆಸೆಗೆ ಬಿದ್ದು ಜಾಸ್ತಿ ಹಾಕಿದೆ" ಅಂದಳು.

ಬೈತಾರೆ ಅಂದ್ಕೊಂಡು ಕಿವಿ ನಿಮಿರಿಸಿ ಕೂತಿದ್ದೆ. ಸಾರ್ ನಕ್ಕರು. "ಒಪ್ಕೊಳ್ಳೋ ಗುಣ ಇದೆಯಲ್ಲಮ್ಮಾ, ಅದು ದೊಡ್ಡದು."

ಥೂ. ಇವಳು ಬಿದ್ದರೂ ಜನ ಹಾಸಿಗೆ ಹಾಸ್ತಾರೆ.

ಆಗಸ್ಟ್ 24, ಭಾನುವಾರ

ಅತ್ತೆ ಬಲವಂತಕ್ಕೆ ಕೃತ್ತಿಕಾನ ಊಟಕ್ಕೆ ಕರೆದೆ. ಫೋನಿನಲ್ಲೇ ಇಬ್ಬರದ್ದೂ ಸ್ನೇಹ ಆಗಿಹೋಗಿದೆ. ಹುಡುಗಿ ಬಂದವಳೇ ಸೊಂಟಕ್ಕೆ ದುಪಟ್ಟಾ ಸಿಕ್ಕಿಸಿ ಅಡಿಗೆಮನೆಗೆ ನುಗ್ಗಿದಳು. ಅತ್ತೆ ಅಕ್ಕೀಲಿ ಕಲ್ಲು ಆರಿಸ್ತಿದ್ರು, ಒಂದೊಂದೇ. ಇವಳು ಮೊರ ಇಸ್ಕೊಂಡು ಒಂದು ಸಲ ಕೇರಿ ಕೊಟ್ಟಳು. "ನೋಡೇ ಶುಭಾ, ಎಂಥಾ ಚುರುಕು!" ನಾನು ಮೂರು ವರ್ಷ ಕೇರಿದ್ರೂ ಹೊಟ್ಟು ನೆಲಕ್ಕೆ, ಅಕ್ಕಿ ಮೂಲೆಗೆ ಅಂತ ಬೈಸಿಕೊಂಡಿದ್ದೇನೆ.

ಊಟಕ್ಕೆ ಕೂತಾಗ ನಮ್ಮವರೂ ಸೇರಿಕೊಂಡ್ರು. "ನಿಮ್ಮ ಆಫೀಸಿನ ಹೊಸ ನೀರು ಅಲ್ವಾ? ಹಳೇ ನೀರೇ, ಕೊಚ್ಚಿಕೊಂಡು ಹೋಗ್ತೀಯ, ಹುಷಾರು." ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ಆಗಸ್ಟ್ 26, ಮಂಗಳವಾರ

ಇವತ್ತಿನದನ್ನ ಸರಿಯಾಗಿ ಬರೀಬೇಕು.

ಸಾರ್ ಅವಳಿಗೆ ಕಾರ್ಟನ್ ಲಿಸ್ಟ್ ಹೊಸದಾಗಿ ಬರೆಯೋಕೆ ಕೊಟ್ಟುಬಿಟ್ಟರು. ನನ್ನ ಪ್ರೋಗ್ರಾಂನ. ನನ್ನನ್ನ ಕೇಳಲಿಲ್ಲ. "ಶುಭಾಗೆ ಯಾಕೆ ತೊಂದರೆ, ಹುಡುಗಿ ಮಾಡ್ತಾಳೆ" ಅಂದ್ರಂತೆ.

ಅವಳು ಬರೆದದ್ದು ತೋರಿಸಿದಳು. ನನ್ನ ಪ್ರೋಗ್ರಾಂನಲ್ಲಿ ಒಂದೊಂದೇ ಸಾಲು ಓದೋ ಕರ್ಸರ್ ಒಂದು ಬಂಡಲ್ ಎತ್ತುತ್ತೆ, ನೋಡುತ್ತೆ, ಕಾರ್ಟನ್‌ಗೆ ಹಾಕುತ್ತೆ, ಮುಂದಿನದು ಎತ್ತುತ್ತೆ. ಅತ್ತೆ ಕಲ್ಲು ಆರಿಸಿದ ಹಾಗೆ. ಅವಳದ್ದು ಇಡೀ ಲಾಟನ್ನ ಒಂದೇ ಸಲ ಮೊರದಲ್ಲಿ ಕೇರಿ ಎಸೆಯುತ್ತೆ. ಒಂದೇ ಕ್ವೆರಿ, ಒಂದೇ ಆಜ್ಞೆ. ನನ್ನ ಮೂರು ಪುಟ ಅವಳ ಅರ್ಧ ಪುಟದೊಳಗೆ ಕೂತುಬಿಟ್ಟಿದೆ. ಚೆನ್ನಾಗಿ ಬರೆದಿದ್ದಾಳೆ. ನಾನು ಬರೀಬೇಕಿತ್ತು, ಅಷ್ಟು ಚೆನ್ನಾಗಿ.

ಆಮೇಲೆ ಬೆರಳಿಟ್ಟು ಕೇಳಿದಳು. "ಅಕ್ಕಾ, ಈ ಮೂರು ಸಾಲು ಯಾಕೆ? ಲಾಟ್ ನಂಬರ್ ಒಂದೇ ಇದ್ರೂ ಬಟ್ಟೆ ಜೊತೆ ಬರೋ ಡೆಲಿವರಿ ಚೀಟಿ ನಂಬರ್ ಬದಲಾದ್ರೆ ಕಾರ್ಟನ್ ಮುಚ್ಚಿ ಹೊಸದು ತೆಗೀತಿದೆ. ಒಂದೇ ಲಾಟ್ ಅಲ್ವಾ? ಬೇಕಾ ಇದು?"

ಬೇಕು. ಪ್ರಾಣ ಹೋದ್ರೂ ಬೇಕು. ಡೈಯಿಂಗ್‌ನವರು ಬಟ್ಟೆ ಕಮ್ಮಿ ಬಿದ್ರೆ ಒಂದು ವಾರ ಬಿಟ್ಟು ಮತ್ತೆ ಬಣ್ಣ ಹಾಕಿ ಕಳಿಸ್ತಾರೆ. ಹೊಸ ಲಾಟ್ ನಂಬರ್ ಕೊಟ್ರೆ ಮತ್ತೆ ಟೆಸ್ಟಿಂಗು, ಮತ್ತೆ ಅಪ್ರೂವಲ್ಲು. ಅದಕ್ಕೇ ಹಳೇ ನಂಬರನ್ನೇ ಅಂಟಿಸ್ತಾರೆ. ಬಾಕಿ ಬಟ್ಟೆ ಅಂತ ಹೆಸರು. ಚೀಟಿ ಮಾತ್ರ ಬೇರೆ. ಕಾಗದದಲ್ಲಿ ಒಂದೇ ಬಣ್ಣ, ಬೆಳಕಿನಲ್ಲಿ ಹಿಡಿದ್ರೆ ಕೂದಲೆಳೆಯಷ್ಟು ಬೇರೆ. ಒಂದು ಕಾರ್ಟನ್‌ನಲ್ಲಿ ಎರಡೂ ಸೇರಬಾರದು. ಇದು ಯಾವ ಕಾಲೇಜಿನಲ್ಲೂ ಹೇಳಿಕೊಡಲ್ಲ. ನಾನು ಸೇರಿದ ವರ್ಷ ಒಂದು ಆರ್ಡರ್ ವಾಪಸ್ ಬಂದಾಗ ಕಲಿತು ಆ ಮೂರು ಸಾಲು ಸೇರಿಸಿದ್ದೆ.

ಇಷ್ಟೂ ನಾಲಿಗೆ ತುದೀಲಿತ್ತು. ಅವಳ ಮುಖ ನೋಡಿದೆ. ಆ ಚಪ್ಪಾಳೆ, ಆ ಮೊರ.

"ಯಾವ ಕಾಲದಲ್ಲೋ ಬರೆದದ್ದು ಕಣೇ. ಈಗ ಬೇಕಾಗಲ್ಲ. ತೆಗೆದುಬಿಡು."

ತೆಗೆದಳು. "ಥ್ಯಾಂಕ್ಸ್ ಅಕ್ಕಾ" ಅಂದಳು.

ಆಗಸ್ಟ್ 28

ಲಿಸ್ಟ್ ಈಗ ಒತ್ತಿದ ಕೂಡಲೆ ಬರುತ್ತೆ. ತಿರುಮೂರ್ತಿ ಅಣ್ಣ ಬರಲ್ಲ, ಅವರ ಫೋನಿಗೇ ಹೋಗುತ್ತೆ. ಟೀ ಇಲ್ಲ. ಬನ್ನು ಇಲ್ಲ. ಸಾರ್ ಕ್ಯಾಬಿನ್ ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ.

ಎಲ್ಲಾ ಆರ್ಡರಿಗೂ ಬಾಕಿ ಬಟ್ಟೆ ಬರಲ್ಲ. ಬರದೇನೂ ಇರಬಹುದು.

ಸೆಪ್ಟೆಂಬರ್ 9, ಮಂಗಳವಾರ

ಬಂತು.

ಮಕ್ಕಳ ನೈಟ್ ಡ್ರೆಸ್ ಆರ್ಡರ್, ಆಕಾಶ ನೀಲಿ. ಬಯ್ಯರ್ ಕಡೆ ಇನ್‌ಸ್ಪೆಕ್ಟರ್ ಕಡೇ ತಪಾಸಣೆಗೆ ಬಂದು ಸುಮ್ಮನೆ ಒಂದು ಕಾರ್ಟನ್ ಒಡೆದ. ಮೇಲಿನ ಶರ್ಟು, ಕೆಳಗಿನ ಶರ್ಟು ಲೈಟ್ ಬಾಕ್ಸಿನಲ್ಲಿ ಪಕ್ಕಪಕ್ಕ ಇಟ್ಟ. ಒಂದು ಬೆಳಗಿನ ಆಕಾಶ, ಒಂದು ಮಧ್ಯಾಹ್ನದ್ದು. ಇನ್ನೊಂದು ಒಡೆದ. ಅದೂ ಹಾಗೇ. ಪೂರಾ ಲಾಟ್ ಫೇಲ್. ಲಾರಿ ಗೇಟಿನಲ್ಲಿ ನಿಂತಿದೆ, ಹಡಗು ಹಿಡೀಬೇಕು.

ಸಾರ್ ಮುಖ ಸುಟ್ಟ ಬದನೆಕಾಯಿ. "ಬಾಕಿ ಬಟ್ಟೆ ಚೆಕ್ಕಿಂಗ್ ಪ್ರೋಗ್ರಾಂನಲ್ಲಿ ಇತ್ತಲ್ಲಾ! ಯಾರು ತೆಗೆದಿದ್ದು?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡನಂತಲ್ಲ, ನಾನು ನಿಜವಾಗಿ ಕೊರಳಿಗೆ ಕೈ ಹಾಕ್ಕೊಂಡಿದ್ದೆ, ತಾಳಿ ಸರ ಹಿಡಿದು. ಈಗ ಹೇಳ್ತಾಳೆ, ಅಕ್ಕ ತೆಗೆ ಅಂದ್ರು ಅಂತ. ಈಗ ಹೇಳ್ತಾಳೆ.

"ನಾನೇ ಸಾರ್. ಯಾರನ್ನೂ ಕೇಳಲಿಲ್ಲ" ಅಂದಳು ಕೃತ್ತಿಕಾ.

ನಾನು ತಾಳಿ ಸರ ಬಿಟ್ಟು ಕೀಬೋರ್ಡ್ ಕಡೆ ಬಗ್ಗಿದೆ.

ಸಾರ್ ನನ್ನ ಕಡೆ ತಿರುಗಿದರು. "ಶುಭಾ, ನಿನ್ನ ಹಳೇದನ್ನ ಓಡಿಸಮ್ಮಾ. ಯಾವ ಕಾರ್ಟನ್‌ನಿಂದ ಯಾವುದನ್ನ ತೆಗೀಬೇಕು, ಸರಿಯಾದ ಲಿಸ್ಟ್ ಬೇಕು."

ಓಡಿಸಿದೆ. ನನ್ನ ಕರ್ಸರು, ನನ್ನ ಮೂರು ಸಾಲು. ಎಲ್ಲರೂ ಮತ್ತೆ ನನ್ನ ಕುರ್ಚಿ ಸುತ್ತ. ಯಾರೋ ಟೀ ತಂದಿಟ್ಟರು. "ಮೇಡಂ ಇರೋದ್ರಿಂದ ಬಚಾವು" ಅಂದ್ರು ತಿರುಮೂರ್ತಿ ಅಣ್ಣ. ಇದೇ ಬೇಕಿತ್ತಲ್ಲ ನನಗೆ. ಸುಳ್ಳು ಬರೆಯಲ್ಲ — ಒಂದು ಗಳಿಗೆ ಸಿಹಿ ಅನ್ಸಿತು. ಆಮೇಲೆ ಅವಳು ಕಂಡಳು, ಪ್ರಿಂಟರ್ ಪಕ್ಕ ಗೋಡೆಗೆ ಅಂಟಿ ನಿಂತಿದ್ದಾಳೆ, ಉಗುರು ಕಚ್ಚುತ್ತಾ. ಟೀ ಹಾಗೇ ಬಿಟ್ಟೆ.

ಮಧ್ಯಾಹ್ನವೆಲ್ಲಾ ಓಡುತ್ತೆ ಅಂದ್ಕೊಂಡಿದ್ದೆ. ಅಷ್ಟು ಹೊತ್ತು ಬೇಕಾಗಲಿಲ್ಲ. ಒಂದೊಂದೇ ಎತ್ತಿದ್ರೂ ಹುಡುಕೋದಕ್ಕೆ ಅವಳ ಇಂಡೆಕ್ಸ್ ಇತ್ತಲ್ಲ. ನನ್ನ ಕರ್ಸರ್ ಜನ್ಮದಲ್ಲಿ ಇಷ್ಟು ಬೇಗ ಓಡಿರಲಿಲ್ಲ.

ಯಾರಿಗೂ ಅದು ಹೊಳೀಲಿಲ್ಲ. ನಾನೂ ಹೇಳಲಿಲ್ಲ. ಅದನ್ನೂ.

ಸೆಪ್ಟೆಂಬರ್ 10

ಹಡಗು ತಪ್ಪಿತು. ವಿಮಾನದಲ್ಲಿ ಕಳಿಸ್ತಾರಂತೆ. ಕೃತ್ತಿಕಾ ಶೆಡ್ಡಿನಲ್ಲಿ ಹೆಣ್ಮಕ್ಕಳ ಜೊತೆ ನೆಲದ ಮೇಲೆ ಕೂತು ಕಾರ್ಟನ್ ಒಡೆದು ಬಟ್ಟೆ ಬೇರೆ ಮಾಡ್ತಿದ್ದಳು. ಹೋದೆ. ಯಾಕೆ ಹಾಗೆ ಹೇಳಿದೆ ಅಂದೆ. ತಲೆ ಎತ್ತದೆ ಅಂದಳು — "ನಿಮಗೂ ಮರ್ತಿರುತ್ತೆ ಅಕ್ಕಾ, ಅಷ್ಟು ಹಳೇದು. ಸುಮ್ಮನೆ ನಿಮ್ಮನ್ನ ಯಾಕೆ ಎಳೀಲಿ. ತೆಗೆದದ್ದು ನನ್ನ ಕೈಯಲ್ವಾ."

ಮರ್ತಿರುತ್ತೆ ಅಂತೆ.

ಸೆಪ್ಟೆಂಬರ್ 12

ತಿಂಗಳ ಕೊನೆಗೆ ಅವಳನ್ನ ಕಳಿಸ್ತಾರಂತೆ. ಪ್ರೊಬೇಷನ್, ಕಾರಣ ಹೇಳಬೇಕಿಲ್ಲ. ಒಳ್ಳೇದೇ ಆಯ್ತು. ಚಿಕ್ಕ ವಯಸ್ಸು, ಎಲ್ಲಾದ್ರೂ ಸಿಗುತ್ತೆ.

ಒಳ್ಳೇದೇ ಆಯ್ತು ಅಂತ ಬರೆದೆನಲ್ಲ, ನಾನು.

ಸೆಪ್ಟೆಂಬರ್ 19, ಶುಕ್ರವಾರ

ಒಂದು ವಾರ ಪೆನ್ ಮುಟ್ಟಲಿಲ್ಲ. ಅತ್ತೆ ದಿನಾ ಕೇಳ್ತಾರೆ, ಆ ಹುಡುಗಿ ಯಾಕೆ ಫೋನ್ ಮಾಡಲ್ಲ ಅಂತ. ರೈಲಿನಲ್ಲಿ ಎದುರಿಗೆ ಯಾರು ನೀಲಿ ಉಟ್ಟು ಕೂತರೂ ನೋಡೋಕಾಗಲ್ಲ.

ಇವತ್ತು ಸಾರ್ ಕ್ಯಾಬಿನ್‌ಗೆ ಹೋದೆ. ಬಾಗಿಲು ಹಾಕಿ ನಿಂತೇ ಹೇಳಿದೆ. ಅವಳು ನನ್ನನ್ನ ಕೇಳಿದ್ಲು ಸಾರ್. ಬೇಡ, ತೆಗಿ ಅಂದವಳು ನಾನು. ಬಾಕಿ ಬಟ್ಟೆ ವಿಷಯ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ — ನಕ್ಕರು!

"ಶುಭಾ, ನಿನ್ನ ಮನಸ್ಸು ನನಗೆ ಗೊತ್ತಿಲ್ವಾ? ಆ ಹುಡುಗಿ ಕೆಲಸ ಉಳಿಸೋಕೆ ತಪ್ಪು ನಿನ್ನ ತಲೆ ಮೇಲೆ ಹಾಕ್ಕೋತಿದ್ದೀಯಾ."

ಇಲ್ಲ ಸಾರ್, ನಿಜವಾಗಿ, ಅಂದೆ.

"ನಿಂದು ಅಂಥಾ ಬುದ್ಧಿಯಾ? ಇಷ್ಟು ವರ್ಷದಿಂದ ನೋಡ್ತಿಲ್ವಾ ನಾನು? ಸರಿ ಬಿಡು. ನಿನ್ನ ಮುಖ ನೋಡಿ ಅವಳನ್ನ ಇಟ್ಕೋತೀನಿ. ಹೋಗಮ್ಮಾ."

ಆಚೆ ಬಂದೆ. ಕೆಲಸ ಉಳೀತು. ಅಷ್ಟಾದ್ರೂ ಆಯ್ತು. ಅಳಬೇಕೋ ನಗಬೇಕೋ ತಿಳೀದೆ ವಾಟರ್ ಕ್ಯಾನ್ ಹತ್ರ ನಿಂತು ಎರಡು ಲೋಟ ನೀರು ಕುಡಿದೆ.

ಸೆಪ್ಟೆಂಬರ್ 22, ಸೋಮವಾರ

ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿಬಿಟ್ಟರು. "ಶುಭಾ ಥರ ಸೀನಿಯರ್ ಇರಬೇಕು. ಜೂನಿಯರ್ ತಪ್ಪನ್ನ ತನ್ನದು ಅನ್ನೋಕೆ ಎಷ್ಟು ಜನಕ್ಕೆ ಬರುತ್ತೆ?" ಚಪ್ಪಾಳೆ. ಗ್ರೂಪಿನಲ್ಲೂ ಚಪ್ಪಾಳೆ, ಒಂದು ಸಾಲು. ನನಗೆ. ಆಸೆಪಟ್ಟು ಕಾದಿದ್ದು ಬಂತು. ಫೋನ್ ಬೋರಲು ಹಾಕಿದೆ.

ಕೃತ್ತಿಕಾ ಕಣ್ಣಲ್ಲಿ ನೀರು. "ಅಕ್ಕಾ, ಗೊತ್ತಿದ್ದೇ ತೆಗಿ ಅಂದೆ ಅಂತ ನನಗೋಸ್ಕರ ಸುಳ್ಳು ಹೇಳಿದ್ರಾ?"

ಸುಳ್ಳಲ್ಲ ಕೃತ್ತಿಕಾ, ಅಂದೆ. ಅವಳು ಕೇಳಿಸ್ಕೊಳ್ಳಲಿಲ್ಲ. ನನ್ನ ಕೈ ಹಿಡಿದು ಅಳ್ತಿದ್ದಳು. ಅಷ್ಟರಲ್ಲಿ ತಿರುಮೂರ್ತಿ ಅಣ್ಣ ಬನ್ನು ತಂದರು, ಸುತ್ತ ಜನ. ಇನ್ನೊಂದು ಸಲ ಹೇಳೋಕೆ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ, ಬನ್ನು ಇಸ್ಕೊಂಡು ತಿಂದೆ.

ಸೆಪ್ಟೆಂಬರ್ 28, ಭಾನುವಾರ, ಸಂಜೆ

ನವರಾತ್ರಿ. ಹಾಲ್‌ನಲ್ಲಿ ಅತ್ತೆಯ ಗೊಂಬೆ ಮೆಟ್ಟಿಲು, ಕಡಲೆ ಸುಂಡಲ್ ವಾಸನೆ. ಕೃತ್ತಿಕಾ ಬಂದಿದ್ದಾಳೆ, ಅವಳ ಅಮ್ಮ ಮಾರಿಯಮ್ಮನೂ. ಎರಡು ಬಸ್ಸು ಬದಲಾಯಿಸಿ ಬಂದರಂತೆ. ತಾಂಬೂಲದ ತಟ್ಟೆ ತರ್ತೀನಿ ಅಂತ ಒಳಗೆ ಬಂದು ಬಾಗಿಲು ಹಾಕಿ ಇದನ್ನ ಬರೀತಿದ್ದೇನೆ.

ಸೀರೆ ತಂದಿದ್ದಾರೆ. ಅವರ ಮಗ್ಗದ್ದೇ, ಸೆಲ್ಲಪ್ಪನ್ ನೇಯ್ದದ್ದು. ಗಿಣಿಹಸಿರು, ಕೆಂಪು ಅಂಚು. ಮಾರಿಯಮ್ಮ ಎರಡೂ ಕೈಯಲ್ಲಿ ಹಿಡಿದು ಅಂದ್ರು — "ಇವಳಪ್ಪ ಬೇರೆ ಆರ್ಡರ್ ಪಕ್ಕಕ್ಕಿಟ್ಟು ನೇಯ್ದಾರಮ್ಮಾ. ನಮ್ಮ ಹುಡುಗಿ ತಪ್ಪನ್ನ ನೀವು ಹೊತ್ಕೊಂಡ್ರಲ್ಲ, ನಮ್ಮ ಜನ್ಮದಲ್ಲಿ ಮರೆಯಲ್ಲ." ಮಾತಾಡುವಾಗ ಮಗಳ ಬೆನ್ನು ಸವರ್ತಾ ಇದ್ದರು. ಆ ಸವರೋ ಕೈ ನೋಡಿ ಅದಕ್ಕೂ ಹೊಟ್ಟೆಕಿಚ್ಚು ಬಂತು ನನಗೆ. ಇನ್ನೂ ಬಿಟ್ಟಿಲ್ಲ ನೋಡು, ಈ ದರಿದ್ರ.

ಕೃತ್ತಿಕಾ ನಗ್ತಾ ಅಂದಳು, "ಅಮ್ಮಾ, ತಪ್ಪು ಮಾಡಿದ್ದು ನಾನೇ ತಾನೇ, ಹೊತ್ಕೊಂಡಿದ್ದು ಅಕ್ಕ, ಕೆಲಸ ಉಳಿದದ್ದು ನಂಗೆ." ಪಾಪ, ಅದನ್ನ ನಿಜ ಅಂತಲೇ ನಂಬಿಬಿಟ್ಟಿದ್ದಾಳೆ. ತಾನು ಕೆಲಸ ತಿಳೀದವಳು, ಸರಿಯಾಗಿ ನೋಡದೆ ತೆಗೆದವಳು ಅಂತ. ಈಗೆಲ್ಲಾ ಒಂದು ಇಂಡೆಕ್ಸ್ ಹಾಕೋಕೂ ಹತ್ತು ಸಲ ನನ್ನನ್ನ ಕೇಳ್ತಾಳೆ. "ಸರೀನಾ ಅಕ್ಕಾ? ಹಾಕ್ಲಾ ಅಕ್ಕಾ?" ಆ ಮೊದಲ ದಿನದ "ಇಲ್ವಲ್ಲಾ" ಎಲ್ಲಿ ಹೋಯ್ತು. ಅದನ್ನ ತಿಂದವಳು ನಾನು. ಕೆಲಸ ಉಳಿಸಿದೆ ಅಂತ ಸಮಾಧಾನ ಮಾಡ್ಕೊಳ್ಳೋಕೆ ಅದೇ ಬಿಡ್ತಿಲ್ಲ.

ಅತ್ತೆ ಕೂಗ್ತಿದ್ದಾರೆ. "ಶುಭಾ, ಕುಂಕುಮ ಕೊಡು ಬಾರೇ, ಅವರಿಗೆ ಬಸ್ಸಿಗೆ ಹೊತ್ತಾಯ್ತು!"

ಈಗ ಬಾಗಿಲು ತಟ್ಟಿದ್ದು ಕೃತ್ತಿಕಾ. "ಅಕ್ಕಾ, ಆ ಸೀರೇನ ಒಂದ್ಸಲ ಹೊದ್ಕೊಂಡು ಬನ್ನಿ. ಅಮ್ಮ ನೋಡ್ಬೇಕಂತೆ."

ಸೀರೆ ನನ್ನ ತೊಡೆ ಮೇಲಿದೆ. ಮಡಿಕೆ ಬಿಚ್ಚಿಲ್ಲ. ಹಾಗೇ ತಗೊಂಡು ಹೋಗ್ತೀನಿ. ಅತ್ತೆ ಎದುರಿಗೇ, ಅವಳ ಅಮ್ಮನ ಎದುರಿಗೇ. ಸಾರ್ ನಂಬದಿದ್ರೆ ಹಾಳಾಗಲಿ, ಇವಳು ನಂಬೋವರೆಗೂ ಬಿಡಲ್ಲ. ಬರೆದು ಬಾಯಿಪಾಠ ಮಾಡ್ಕೊಂಡು ಹೋದ್ರೆ ಮಾತು ತಪ್ಪಲ್ಲ —

ಕೃತ್ತಿಕಾ, ನಿನ್ನ ತಪ್ಪು ಏನೂ ಇಲ್ಲ. ನೀನು ಸರಿಯಾದ್ದನ್ನೇ ಕೇಳಿದೆ. ಅವತ್ತು ನೀನು ಆ ಮೂರು ಸಾಲಿನ ಮೇಲೆ ಬೆರಳಿಟ್ಟಾಗ ನಾನು —